ನೆಲದಿಂದ ಏಳುವ ವಿದ್ಯೆ

2024ರ ಮಾರ್ಚ್ 29, ಶುಭ ಶುಕ್ರವಾರ. ಕ್ರೈಸ್ತ ಬಂಧುಗಳಿಗೆ ತಿಳಿದಿರುವಂತೆ, ಪ್ರಭುವಿನ ಯಾತನೆಯನ್ನು ಸ್ಮರಿಸುವ ಆ ದಿನದ ಆರಾಧನೆ ಗಂಟೆಯ ನಾದವಿಲ್ಲದೆ, ಪ್ರವೇಶ ಗೀತೆಯಿಲ್ಲದೆ ಆರಂಭವಾಗುತ್ತದೆ. ಗುರುಗಳು ಕೆಂಪು ಪೂಜಾವಸ್ತ್ರ ಧರಿಸಿ ಮೌನವಾಗಿ ನಡೆದು ಬಂದು, ಬರಿದಾದ ಬಲಿಪೀಠದ ಮುಂದೆ ನೆಲದ ಮೇಲೆ ಬೋರಲಾಗಿ ಸಾಷ್ಟಾಂಗ ಎರಗುತ್ತಾರೆ. ಸಭೆಯೆಲ್ಲ ಮೊಣಕಾಲೂರುತ್ತದೆ. ಕೆಲಹೊತ್ತಿನ ಮೌನ ಪ್ರಾರ್ಥನೆಯ ಬಳಿಕ ಗುರುಗಳು ಎದ್ದು ನಿಲ್ಲುತ್ತಾರೆ. ಮೂರು ದಶಕಗಳ ಹಿಂದೆ ಗುರುದೀಕ್ಷೆಯ ದಿನ, ಸಕಲ ಸಂತರ ಪ್ರಾರ್ಥನಾವಳಿಯ ನಡುವೆ, ನಾವು ಹೀಗೆಯೇ ಮಲಗಿ ಜಿಂಕೆಯ ಮರಿಯಂತೆ ಎದ್ದವರು. ಆದರೆ ಆ ಶುಕ್ರವಾರ ನಮ್ಮಿಂದ ಏಳಲಾಗಲಿಲ್ಲ.

ಬಲ ಮೊಣಕಾಲು ಮಡಿಚಿದ್ದು ಮಡಿಚಿದಂತೆಯೇ ನಿಂತಿತು. ಅಂಗೈಗಳನ್ನು ನೆಲಕ್ಕೆ ಊರಿ ಎರಡು ಸಲ ಪ್ರಯತ್ನಿಸಿದೆವು. ಮೂರನೆಯ ಸಲಕ್ಕೆ ಪೀಠಸೇವೆಯ ಬಾಲಕರಿಬ್ಬರು ಬಂದು ತೋಳು ಹಿಡಿದೆತ್ತಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ. ಶಿಲುಬೆಯ ವಂದನೆಯ ಹೊತ್ತಿಗೆ ಯಾರೋ ನಮಗಾಗಿ ಒಂದು ಕುರ್ಚಿಯನ್ನು ತಂದಿಟ್ಟಿದ್ದರು. ಆ ಕುರ್ಚಿಯನ್ನು ನೋಡಿದಾಗ ಮೊಣಕಾಲಿಗಿಂತ ಹೆಚ್ಚು ನೋವಾಯಿತು.

ವೈದ್ಯರು ಪರೀಕ್ಷಿಸಿ, ಕೀಲಿನ ಸವೆತ ಅಲ್ಪವೇ, ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲ. ಆದರೆ ತೊಡೆಯ ಸ್ನಾಯುಗಳು ತೀರಾ ಕ್ಷೀಣಿಸಿವೆ ಎಂದರು. ಯೋಚಿಸಿದರೆ ಅದರಲ್ಲಿ ಆಶ್ಚರ್ಯವೇನಿದೆ? ಗುರುಗಳ ಬದುಕು ಎಂದರೆ ಬಹುಪಾಲು ಕುಳಿತುಕೊಳ್ಳುವ ಬದುಕು. ಪಾಪನಿವೇದನೆಯ ಪೀಠದಲ್ಲಿ ಕುಳಿತುಕೊಳ್ಳಬೇಕು, ಕಚೇರಿಯಲ್ಲಿ ಕುಳಿತುಕೊಳ್ಳಬೇಕು, ಪಾಲನಾ ಸಮಿತಿಯ ಸಭೆಗಳಲ್ಲಿ ರಾತ್ರಿಯವರೆಗೆ ಕುಳಿತುಕೊಳ್ಳಬೇಕು. ಮನೆ ಮನೆಗೆ ಆಶೀರ್ವಾದಕ್ಕೆ ಹೋದರೆ ಮೊದಲ ಉಪಚಾರವೂ 'ಕುಳಿತುಕೊಳ್ಳಿ ಫಾದರ್' ಎಂಬುದೇ. 'ಮಾತ್ರೆ ಬೇಡ, ಬಲ ಬೇಕು' ಎಂದು ವೈದ್ಯರು ನಮ್ಮನ್ನು ಜಿಮ್‌ಗೆ ಕಳುಹಿಸಿದರು.

ನಮ್ಮ ಊರಿನ ಆ ಜಿಮ್ ಅಂಗಡಿಯೊಂದರ ಮೇಲಂತಸ್ತಿನಲ್ಲಿದೆ. ಅಲ್ಲಿ ನಾವು ಕಾಣಲು ಅಂಜಿದ್ದು ಕನ್ನಡಿಗಳನ್ನು ಮತ್ತು ಕನ್ನಡಿಯ ಮುಂದೆ ತೋಳುಬ್ಬಿಸಿ ನಿಲ್ಲುವ ತರುಣರನ್ನು. ಆದರೆ ನಮಗೆ ದೊರೆತ ತರಬೇತುದಾರ ಬೇರೆ ಮಾರ್ಗದವನು. ಅವನ ವಿದ್ಯೆಗೆ ಫಂಕ್ಷನಲ್ ಫಿಟ್‌ನೆಸ್ ಎಂದು ಹೆಸರು. ನಿತ್ಯದ ಕೆಲಸಕ್ಕೆ ಒದಗುವ ದೇಹಬಲ ಎಂದು ನಾವು ಕನ್ನಡಿಸಿಕೊಂಡಿದ್ದೇವೆ. ಅನ್ಯಧರ್ಮೀಯನಾದ ಆ ಯುವಕ ಮೊದಲ ದಿನ ನಮ್ಮ ತೂಕವನ್ನೂ ಕೇಳಲಿಲ್ಲ, ಸೊಂಟದ ಸುತ್ತಳತೆಯನ್ನೂ ಕೇಳಲಿಲ್ಲ. 'ಫಾದರ್, ನಿಮ್ಮ ಕೆಲಸದಲ್ಲಿ ದೇಹ ಏನೇನು ಮಾಡಬೇಕು?' ಎಂದು ಕೇಳಿದ.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದಿದ ನಮಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾವು ಒಂದೊಂದಾಗಿ ಹೇಳತೊಡಗಿದೆವು. ಮೊಣಕಾಲೂರಿ ಏಳಬೇಕು. ಗಂಟೆಗಟ್ಟಲೆ ನಿಲ್ಲಬೇಕು. ಪ್ರಾರ್ಥನೆಯಲ್ಲಿ ಕೈಗಳನ್ನು ಚಾಚಿ ಹಿಡಿಯಬೇಕು. ರೋಗಿಯ ಮಂಚದ ಬಳಿ ಬಾಗಬೇಕು. ಹಬ್ಬದ ಹಿಂದಿನ ದಿನ ಬೆಂಚುಗಳನ್ನು ಸರಿಸಬೇಕು. ಕೆಲವೊಮ್ಮೆ, ಹೊರಲು ಜನ ಸಾಲದ ಬಡವರ ಮನೆಯಲ್ಲಿ, ಶವಪೆಟ್ಟಿಗೆಗೆ ಹೆಗಲು ಕೊಡಬೇಕು. ಅವನು ಎಲ್ಲವನ್ನೂ ಕೇಳಿಸಿಕೊಂಡು ಕಾಗದದ ಮೇಲೆ ಐದೇ ಪದಗಳನ್ನು ಬರೆದ: ಕೂರುವುದು, ಬಾಗುವುದು, ತಳ್ಳುವುದು, ಎಳೆಯುವುದು, ಹೊರುವುದು. 'ನೀವು ಹೇಳಿದ್ದೆಲ್ಲ ಈ ಐದರಲ್ಲೇ ಇದೆ' ಎಂದ.

ಅಂದಿನಿಂದ ವಾರಕ್ಕೆ ಮೂರು ದಿನ, ಬೆಳಗಿನ ಬಲಿಪೂಜೆಯ ಅನಂತರ, ಮುಕ್ಕಾಲು ಗಂಟೆ ಈ ಐದನ್ನೇ ಅಭ್ಯಾಸ ಮಾಡುತ್ತಿದ್ದೇವೆ. ಮೊದಲು ಪೆಟ್ಟಿಗೆಯ ಮೇಲೆ ಕೂತು ಕೈಯೂರದೆ ಏಳುವುದು. ಕೆಲವು ವಾರಗಳ ಬಳಿಕ ಪೆಟ್ಟಿಗೆಯಿಲ್ಲದೆಯೇ ಏಳುವುದು. ಇದನ್ನು ಸ್ಕ್ವಾಟ್ ಎನ್ನುತ್ತಾರೆ. ಶಾಲೆಯಲ್ಲಿ ಕಿವಿ ಹಿಡಿದು ನಾವು ಹೊಡೆದ ಬಸ್ಕಿಯೇ ಅದು. ಆಗ ಶಿಕ್ಷೆಯಾಗಿದ್ದುದು ಈಗ ಶುಲ್ಕ ಕೊಟ್ಟು ಪಡೆಯುವ ಭಾಗ್ಯವಾಯಿತಲ್ಲ ಎಂದು ನಕ್ಕೆವು. ಎರಡೂ ಕೈಗಳಲ್ಲಿ ಭಾರ ಹಿಡಿದು ಉದ್ದಕ್ಕೂ ನಡೆಯುವುದು ಇನ್ನೊಂದು ಅಭ್ಯಾಸ. ಬಾವಿಯಿಂದ ಎರಡು ಬಿಂದಿಗೆ ಹೊತ್ತು ತರುತ್ತಿದ್ದ ನಮ್ಮ ತಾಯಂದಿರು ಅದನ್ನು ಯಾವ ಗುರುವಿನಿಂದಲೂ ಕಲಿತವರಲ್ಲ.

ಮತ್ತೊಂದು ಅಭ್ಯಾಸಕ್ಕೆ 'ಟರ್ಕಿಶ್ ಗೆಟ್-ಅಪ್' ಎಂದು ಹೆಸರು. ನೆಲದ ಮೇಲೆ ಅಂಗಾತ ಮಲಗಿ, ಒಂದು ಕೈಯಲ್ಲಿ ಭಾರವನ್ನು ಮೇಲಕ್ಕೆತ್ತಿ ಹಿಡಿದು, ಮೊದಲು ಮೊಣಕೈಯ ಮೇಲೆ, ಬಳಿಕ ಅಂಗೈಯ ಮೇಲೆ, ಬಳಿಕ ಒಂದು ಮೊಣಕಾಲಿನ ಮೇಲೆ ಏರುತ್ತಾ, ಭಾರವನ್ನು ಅಲುಗಿಸದೆ ಪೂರ್ತಿ ಎದ್ದು ನಿಲ್ಲಬೇಕು. ಅನುಭವಸ್ಥರು ಇದಕ್ಕೆ ಕೆಟಲ್‌ಬೆಲ್ ಎಂಬ ಹಿಡಿಯುಳ್ಳ ಕಬ್ಬಿಣದ ಗುಂಡನ್ನು ಬಳಸುತ್ತಾರೆ. ನಮ್ಮ ಮುಷ್ಟಿಯ ಮೇಲೆ ತರಬೇತುದಾರ ಇಟ್ಟದ್ದು ನಮ್ಮದೇ ಒಂದು ಬೂಟು. ಬೂಟು ಬಿದ್ದರೆ ಮತ್ತೆ ಮೊದಲಿನಿಂದ ಶುರು. ಆ ಬೂಟು ಬೀಳದಂತೆ ನಾವು ಎದ್ದು ನಿಂತ ದಿನ ಸುತ್ತಲಿದ್ದ ತರುಣರು ಚಪ್ಪಾಳೆ ತಟ್ಟಿದರು. ಧರ್ಮೋಪದೇಶಕ್ಕೆ ನಮಗೆಂದೂ ಚಪ್ಪಾಳೆ ಬಿದ್ದದ್ದಿಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊಸತೇನಲ್ಲ. ಮೈಸೂರು ಸೀಮೆಯ ಗರಡಿ ಮನೆಗಳಲ್ಲಿ ದಂಡ, ಬಸ್ಕಿ, ಗದೆ, ಗುಂಡುಕಲ್ಲುಗಳ ಸಾಮು ತಲೆತಲಾಂತರದಿಂದ ನಡೆದುಬಂದಿದೆ. ದಸರೆಯ ಕುಸ್ತಿಯ ಅಖಾಡಕ್ಕೆ ಇಳಿಯುವ ಪೈಲ್ವಾನರು ಅಲ್ಲಿ ಬೆಳೆದವರೇ. ಗರಡಿಯ ಸಾಮು ಕನ್ನಡಿಗಾಗಿ ಮಾಡುವುದಲ್ಲ, ಅಖಾಡಕ್ಕಾಗಿ ಮಾಡುವುದು. ನಮ್ಮ ತರಬೇತುದಾರನ ಅಜ್ಜನೂ ಗರಡಿಯ ಉಸ್ತಾದರಂತೆ. ಹೆಸರು ಬದಲಾಯಿತು, ಕೆಮ್ಮಣ್ಣಿನ ಬದಲು ರಬ್ಬರಿನ ಹಾಸು ಬಂತು. ಬೆವರು ಮಾತ್ರ ಅದೇ.

ಇಲ್ಲಿ ಒಂದು ನಿವೇದನೆ ಮಾಡಿಕೊಳ್ಳಬೇಕು. ಕರ್ತವ್ಯವೆಂದು ಆರಂಭಿಸಿದ ಈ ಅಭ್ಯಾಸ ಕೆಲವೇ ತಿಂಗಳಲ್ಲಿ ನಮಗೆ ಸಂತೋಷವಾಯಿತು. ಜಿಮ್‌ನ ದಿನ ಬೆಳಗ್ಗೆ ಏಳುವಾಗಲೇ ಮನಸ್ಸಿನಲ್ಲಿ ಉಲ್ಲಾಸ. ಸಂತೋಷ ಬಂದೊಡನೆ ಸಂದೇಹವೂ ಬಂತು. ದೇಹವನ್ನು ದಂಡಿಸಬೇಕೆಂದು ತಪಸ್ಸುಕಾಲದಲ್ಲಿ ಬೋಧಿಸುವ ಗುರು ದೇಹದಲ್ಲಿ ಸುಖ ಕಾಣುವುದು ಸರಿಯೇ? ಧರ್ಮಕೇಂದ್ರದ ಹಿರಿಯರೊಬ್ಬರು, ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ ಅಂಗಸಾಧನೆಯ ಪ್ರಯೋಜನ ಸ್ವಲ್ಪವೇ ಎಂದಿದ್ದಾರಲ್ಲ ಎಂದು ವಿನಯದಿಂದಲೇ ನೆನಪಿಸಿದರು. ಹೌದು, ಭಕ್ತಿಯ ಪ್ರಯೋಜನದ ಮುಂದೆ ಅದು ಸ್ವಲ್ಪವೇ. ಆದರೆ ಸ್ವಲ್ಪ ಎಂದರೆ ಶೂನ್ಯವಲ್ಲ. ಕೊರಿಂಥದವರಿಗೆ ಬರೆಯುವಾಗ ಓಟಗಾರನನ್ನೂ ಮುಷ್ಟಿಕಾಳಗದವನನ್ನೂ ವಿಶ್ವಾಸಿಗೆ ಮಾದರಿಯಾಗಿ ತೋರಿಸಿದವರೂ, ದೇಹವನ್ನು ಪವಿತ್ರಾತ್ಮರ ಆಲಯವೆಂದು ಕರೆದವರೂ ಅದೇ ಪೌಲರು.

ತತ್ತ್ವಶಾಸ್ತ್ರದ ಪಾಠವೂ ನೆನಪಾಯಿತು. ನಾವಿಕನು ಹಡಗಿನಲ್ಲಿರುವಂತೆ ಆತ್ಮವು ದೇಹದಲ್ಲಿದೆ ಎಂಬ ಕಲ್ಪನೆಯನ್ನು 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಒಪ್ಪಲಿಲ್ಲ. ಆತ್ಮವು ದೇಹದ ರೂಪತತ್ತ್ವ. ಎರಡೂ ಸೇರಿಯೇ ಮನುಷ್ಯ ಎಂಬುದು ಅವರ ನಿಲುವು. ಹಾಗಾದರೆ ಮೊಣಕಾಲೂರುವುದು ನಮ್ಮ ಮೊಣಕಾಲಲ್ಲ, ನಾವು. ವಿನೋದಕ್ಕೂ ಒಂದು ಸದ್ಗುಣವಿದೆ ಎಂದು ಅವರು ವಾದಿಸಿದ್ದಾರೆ. ಸದಾ ಬಗ್ಗಿಸಿಟ್ಟ ಬಿಲ್ಲು ಮುರಿಯುವಂತೆ ಬಿಡುವಿಲ್ಲದ ಮನಸ್ಸೂ ಮುರಿಯುತ್ತದೆ ಎಂಬ ಪುರಾತನ ದೃಷ್ಟಾಂತವನ್ನು ಅಲ್ಲಿ ಬಳಸಿದ್ದಾರೆ. ತನ್ನ ದೇಹವನ್ನು 'ಸೋದರ ಕತ್ತೆ' ಎಂದು ಕರೆದು ಕಠಿಣವಾಗಿ ದುಡಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸರು ಕೊನೆಗಾಲದಲ್ಲಿ ಆ ಕತ್ತೆಯ ಕ್ಷಮೆ ಕೇಳಿದರೆಂದು ಪ್ರತೀತಿ. ನಾವು ಕ್ಷಮೆ ಕೇಳಲು ಕೊನೆಗಾಲದವರೆಗೆ ಕಾಯಬೇಕಾಗಿಲ್ಲ.

ಕನ್ನಡಿಯ ಶೋಧನೆ ಇಲ್ಲವೆಂದಲ್ಲ. ದೇಹವನ್ನು ವಿಗ್ರಹ ಮಾಡಿಕೊಂಡು ಅದಕ್ಕೆ ಪುಡಿ, ಚುಚ್ಚುಮದ್ದುಗಳ ನೈವೇದ್ಯ ಅರ್ಪಿಸುವ ತರುಣರಿದ್ದಾರೆ. ಹೆದರಿಕೆಯ ಮಾತೂ ಇದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ಕೇವಲ 46ನೇ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡ ಮೇಲೆ ನಾಡಿನ ಅನೇಕ ಮನೆಗಳಲ್ಲಿ ಜಿಮ್ ಎಂಬ ಪದಕ್ಕೇ ಭಯ ಅಂಟಿಕೊಂಡಿತು. ನಮಗೂ ಆ ಎಚ್ಚರಿಕೆ ಕೊಟ್ಟವರಿದ್ದಾರೆ. ವಯಸ್ಸಾದವರು ವೈದ್ಯರನ್ನು ಕಂಡು, ರಕ್ತದೊತ್ತಡ ಮತ್ತು ಹೃದಯದ ಪರೀಕ್ಷೆ ಮಾಡಿಸಿಕೊಂಡು, ಮೆಲ್ಲನೆ ಆರಂಭಿಸಬೇಕು; ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಬೇಕು. ಆದರೆ ಕುಳಿತೇ ಇರುವುದರಲ್ಲಿ ಅಪಾಯವಿಲ್ಲವೆಂದು ಭಾವಿಸುವುದೂ ತಪ್ಪು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲೇ ತೋರಿಸಿದರು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂತಹ ಶ್ರಮವನ್ನೂ, ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ ಹೇಳುತ್ತದೆ. ನಡಿಗೆಯನ್ನು ನಾವೆಲ್ಲ ಬಲ್ಲೆವು, ಎರಡನೆಯದನ್ನು ಮರೆತಿದ್ದೇವೆ.

ಇನ್ನು ಈ ಲೇಖನಕ್ಕೆ ನಮ್ಮನ್ನು ನಿಜವಾಗಿ ಪ್ರೇರಿಸಿದ ಸಂಗತಿ. ನಮ್ಮ ಧರ್ಮಕೇಂದ್ರದ ವೃದ್ಧ ತಾಯಿಯೊಬ್ಬರು ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವರು ಬರುವುದನ್ನು ನಿಲ್ಲಿಸಿದ್ದರು. ಕಾಯಿಲೆಯಿರಬಹುದೆಂದು ಭಾವಿಸಿ ಪರಮಪ್ರಸಾದವನ್ನು ಅವರ ಮನೆಗೇ ಕೊಂಡೊಯ್ದೆವು. ಅವರಿಗೆ ಕಾಯಿಲೆಯೇನೂ ಇರಲಿಲ್ಲ. ಬಹಳ ಹೊತ್ತಿನ ಬಳಿಕ ಅವರು ತಲೆತಗ್ಗಿಸಿ ಹೇಳಿದ್ದು ಇಷ್ಟು: 'ಮೊಣಕಾಲೂರಿದರೆ ಏಳಲಾಗುವುದಿಲ್ಲ ಫಾದರ್. ಕೂತೇ ಇದ್ದರೆ ಅಗೌರವ ಅಂತ ನೀವೇ ಹೇಳಿದ್ದಿರಿ.'

ಹೌದು, ಹೇಳಿದ್ದೆವು. ಕೆಲವು ವರ್ಷಗಳ ಹಿಂದೆ, ಪ್ರತಿಷ್ಠಾಪನೆಯ ಹೊತ್ತಿನಲ್ಲೂ ಕುಳಿತೇ ಇರುವವರನ್ನು ಕುರಿತು ಪ್ರಸಂಗಪೀಠದಿಂದ ಕಟುವಾಗಿ ನುಡಿದಿದ್ದೆವು. ಮನಸ್ಸಿನಲ್ಲಿದ್ದವರು ಹಿಂದಿನ ಸಾಲಿನ ಸೋಮಾರಿ ಯುವಕರು. ಮಾತು ತಗಲಿದ್ದು ಮುಂದಿನ ಸಾಲಿನ ತಾಯಿಗೆ. ನಾವೇ ನೆಲದ ಮೇಲೆ ಬಿದ್ದು ಏಳಲಾರದೆ ಹೋಗುವತನಕ ಅದು ನಮಗೆ ಹೊಳೆಯಲಿಲ್ಲ. ಏಳಲಾರದವರಿಗೆ ಧರ್ಮಸಭೆಯ ನಿಯಮಗಳೇ ವಿನಾಯಿತಿ ನೀಡಿವೆ. ವಿನಾಯಿತಿ ನೀಡದವರು ನಾವು. ಆ ತಾಯಿಯ ಕ್ಷಮೆ ಕೇಳಿದೆವು. ಮುಂದಿನ ಭಾನುವಾರ ಅದೇ ಪ್ರಸಂಗಪೀಠದಿಂದ ಎಲ್ಲರ ಕ್ಷಮೆಯನ್ನೂ ಕೇಳಿದೆವು.

ಕ್ಷಮೆಯ ಜೊತೆಗೆ ಬಲವನ್ನೂ ಕೊಡಬಹುದಲ್ಲವೇ ಎಂಬ ಯೋಚನೆ ಆಮೇಲೆ ಬಂತು. 1990ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರು ವೃದ್ಧಾಶ್ರಮದಲ್ಲಿದ್ದ 90 ವರ್ಷದ ಆಸುಪಾಸಿನ 10 ಮಂದಿಗೆ 8 ವಾರಗಳ ಕಾಲ ಭಾರದ ವ್ಯಾಯಾಮ ಮಾಡಿಸಿದರು. ಅಭ್ಯಾಸ ಪೂರೈಸಿದವರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಇದನ್ನು ತರಬೇತುದಾರನಿಗೆ ಹೇಳಿದಾಗ ಅವನು, 'ಶನಿವಾರ ಸಂಜೆ ನಾನೇ ಬರುತ್ತೇನೆ ಫಾದರ್, ದುಡ್ಡು ಬೇಡ' ಎಂದ. ಈಗ ನಮ್ಮ ಸಭಾಭವನದಲ್ಲಿ ಶನಿವಾರಗಳಂದು ಹಿರಿಯರಿಗಾಗಿ ಕುರ್ಚಿಗಳನ್ನು ಗೋಡೆಗೆ ಒರಗಿಸಿ ಇಡುತ್ತೇವೆ. ಕೈಯೂರದೆ ಏಳುವುದು, ಕೂರುವುದು. ನೀರಿನ ಬಾಟಲಿ ಹಿಡಿದು ನಡೆಯುವುದು. ಇಷ್ಟೇ ಅಲ್ಲಿನ ವ್ಯಾಯಾಮ. ನಗುವಿಗೆ ಮಾತ್ರ ಅಲ್ಲಿ ಮಿತಿಯಿಲ್ಲ.

2025ರ ಏಪ್ರಿಲ್ 18ರ ಶುಭ ಶುಕ್ರವಾರ ನಾವು ಮತ್ತೆ ಬಲಿಪೀಠದ ಮುಂದೆ ಎರಗಿದೆವು. ಅಂಗೈ, ಮೊಣಕಾಲು, ಪಾದ ಎಂದು ಕಲಿತ ಕ್ರಮದಲ್ಲಿಯೇ ಎದ್ದೆವು. ಜಿಂಕೆಯ ಮರಿಯಂತೆ ಅಲ್ಲ. ಹೊರೆ ಹೊತ್ತ ಎತ್ತಿನಂತೆ, ನಿಧಾನವಾಗಿ. ಪೀಠಸೇವೆಯ ಬಾಲಕರು ಎರಡು ಹೆಜ್ಜೆ ಮುಂದೆ ಬಂದು, ಅಗತ್ಯವಿಲ್ಲವೆಂದು ಕಂಡು ಹಿಂದೆ ಸರಿದರು. ಆ ತಾಯಿ ಮುಂದಿನ ಬೆಂಚಿನಲ್ಲಿದ್ದರು. ಅವರು ಕುಳಿತೇ ಪ್ರಾರ್ಥಿಸುತ್ತಿದ್ದರು.

ಮರುತಿಂಗಳು, ಮೇ 8ರಂದು, 14ನೇ ಲಿಯೋ ಅವರು ಜಗದ್ಗುರುಗಳಾಗಿ ಆಯ್ಕೆಯಾದರು. ಕಾರ್ಡಿನಲ್ ಆಗಿದ್ದಾಗ ಅವರು ವ್ಯಾಟಿಕನ್ನಿನ ಸಮೀಪದ ಜಿಮ್ ಒಂದಕ್ಕೆ ನಿಯಮಿತವಾಗಿ ಹೋಗುತ್ತಿದ್ದರೆಂದೂ, ಅವರು ಯಾರೆಂಬುದು ಅಲ್ಲಿನ ತರಬೇತುದಾರನಿಗೆ ಆಯ್ಕೆಯ ದಿನದವರೆಗೆ ತಿಳಿದಿರಲಿಲ್ಲವೆಂದೂ ಪತ್ರಿಕೆಗಳು ವರದಿ ಮಾಡಿದವು. ನಮಗೆ ಎಚ್ಚರಿಕೆ ನೀಡಿದ್ದ ಹಿರಿಯರು ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ತಂದು ನಮ್ಮ ಮೇಜಿನ ಮೇಲಿಟ್ಟು, ಏನೂ ಹೇಳದೆ ಹೋದರು. ಮುಂದಿನ ಶನಿವಾರ ಅವರೂ ಸಭಾಭವನಕ್ಕೆ ಬಂದರು.

ಪ್ರಿಯ ವಾಚಕರೇ, ಈ ಪತ್ರಿಕೆಯನ್ನು ಮಡಿಚಿಟ್ಟು ಕುರ್ಚಿಯಿಂದ ಏಳುವಾಗ ಒಮ್ಮೆ ಕೈಯೂರದೆ ಏಳಲು ಪ್ರಯತ್ನಿಸಿ. ಆದರೆ ಸಂತೋಷಪಡಿ, ಆಗದಿದ್ದರೆ ನಾಚದೆ, ವೈದ್ಯರನ್ನು ಕೇಳಿ ಇಂದೇ ಆರಂಭಿಸಿ. ಮುಂದಿನ ಭಾನುವಾರ ನಿಮ್ಮ ಪಕ್ಕದ ಬೆಂಚಿನಲ್ಲಿ ಏಳಲಾರದೆ ಕುಳಿತವರನ್ನು ಕಂಡರೆ ಮನಸ್ಸಿನಲ್ಲಿ ತೀರ್ಪು ನೀಡದೆ ಒಂದು ತೋಳು ನೀಡಿರಿ. ಪ್ರಭು ನಿಮ್ಮೆಲ್ಲರನ್ನೂ ಹರಸಲಿ.