ಮಾಲೆ ತೆಗೆದ ಮರುದಿನ

ಕಾರ್ತಿಕದ ಕೊನೆಗೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವ ಹೊತ್ತಿಗೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅಯ್ಯಪ್ಪನ ಮಾಲೆ ಹಾಕಿದವರು ಎಲ್ಲೆಲ್ಲೂ ಕಾಣುತ್ತಾರೆ. ಕಪ್ಪು ಪಂಚೆ, ಬರಿಗಾಲು, ನಸುಕಿನ ತಣ್ಣೀರ ಸ್ನಾನ, ಸಂಜೆಯ ಭಜನೆ. 41 ದಿನವೋ 48 ದಿನವೋ ನಡೆಯುವ ಈ ವ್ರತದಲ್ಲಿ ಮಾಂಸವಿಲ್ಲ, ಬೀಡಿಯಿಲ್ಲ, ಕುಡಿತವಿಲ್ಲ. ಹೆಂಡತಿ ಮಕ್ಕಳು ಗೋಗರೆದರೂ ಒಂದು ಸಂಜೆ ಬಿಡಲಾರದವರು ಮಾಲೆ ಕೊರಳಿಗೆ ಬಿದ್ದ ದಿನದಿಂದ ಬಾರಿನ ಕಡೆ ತಲೆ ಹಾಕುವುದಿಲ್ಲ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಮೇಲೆ ಅವರಲ್ಲಿ ಹಲವರು ಮತ್ತೆ ಕುಡಿಯುತ್ತಾರೆ. ಇದನ್ನು ಬೂಟಾಟಿಕೆ ಎಂದು ನಕ್ಕು ಬಿಡುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ದಿನ ಬಿಟ್ಟಿದ್ದು ನಿಜ, ಆಮೇಲೆ ಬಿದ್ದಿದ್ದೂ ನಿಜ. ಆಣೆ, ಪ್ರಮಾಣ, ವ್ರತಗಳ ನಮ್ಮ ಪದ್ಧತಿ ಕುಡಿತ ನಿಲ್ಲಿಸುವುದನ್ನು ಬಲ್ಲದು. ಎಡವಿದವನನ್ನು ಏನು ಮಾಡಬೇಕೆಂಬುದು ಅದಕ್ಕೆ ತಿಳಿಯದು. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ, ಎಂಬ ಮಾತಿನ ಚಿಕಿತ್ಸೆ ಕೈ ಹಾಕಿರುವುದು ಸರಿಯಾಗಿ ಈ ಜಾಗಕ್ಕೆ ಎಂಬುದು ಈ ಅಧ್ಯಾಯದ ವಾದ.

ಸಮಸ್ಯೆ ಎಷ್ಟು ದೊಡ್ಡದು? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 4.6ರಷ್ಟು ಜನರಿಗೆ ಮದ್ಯದ ತೊಂದರೆ ಇರುವುದು ಕಂಡುಬಂತು. ಅವರಲ್ಲಿ ಶೇ 86ರಷ್ಟು ಜನ ಚಿಕಿತ್ಸೆಯ ಹೊರಗೇ ಉಳಿದಿದ್ದರು. ಲಾಲ್‌ಬಾಗಿನ ಆಚೆಗೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ಊರಿನವರಿಗೆ ಈ ಅಂಕಿ ವಿಚಿತ್ರವಾಗಿ ಕಾಣಬಹುದು. ಆದರೆ ಬಸವನಗುಡಿ, ಮಲ್ಲೇಶ್ವರದ ಮರ್ಯಾದಸ್ಥ ಮನೆಗಳಲ್ಲಿ ಕುಡಿತ ಮೊದಲು ಗುಟ್ಟು, ಆಮೇಲೆ ಜಗಳ, ತೀರ ಕೊನೆಗೆ ಕಾಯಿಲೆ. ಆಸ್ಪತ್ರೆಗೆ ಹೋದವರಿಗೂ ಅಲ್ಲಿಗೆ ಮುಗಿಯುವುದಿಲ್ಲ. ಕೈ ನಡುಕ, ನಿದ್ದೆಗೇಡು, ಫಿಟ್ಸ್ ಬಾರದಂತೆ ಮದ್ದು ಕೊಟ್ಟು ದೇಹದಿಂದ ಮದ್ಯವನ್ನು ಇಳಿಸುವುದು ಕೆಲವೇ ದಿನಗಳ ಕೆಲಸ. (ಹಲವು ವರ್ಷ ದಿನವೂ ಕುಡಿದವರು ವೈದ್ಯರನ್ನು ಕೇಳದೆ ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಪ್ರಾಣಕ್ಕೇ ಕುತ್ತು ಬರಬಹುದು, ಮಾಲೆ ಹಾಕುವವರಿಗೂ ಇದು ಗೊತ್ತಿರಬೇಕು.) ಆಮೇಲೆ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್‌ನಂಥ ಮಾತ್ರೆಗಳಿವೆ. ಇಷ್ಟಾದರೂ ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಒಂದು ವರ್ಷದೊಳಗೆ ಮತ್ತೆ ಕುಡಿಯುತ್ತಾರೆಂಬುದು ಹಲವು ದೇಶಗಳ ಅನುಭವ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅಂಗಡಿ ಮುಚ್ಚುವುದಕ್ಕೂ ಮನಸ್ಸು ಮುಚ್ಚುವುದಕ್ಕೂ ಇರುವ ದೂರ ಅಷ್ಟಿದೆ.

ಡಿಬಿಟಿ ಹುಟ್ಟಿದ್ದು ಕುಡಿತಕ್ಕಾಗಿ ಅಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್, ಪದೇ ಪದೇ ತಮ್ಮನ್ನೇ ಗಾಯ ಮಾಡಿಕೊಳ್ಳುವ, ಸಾಯಲು ಹೊರಡುವ ಹೆಂಗಸರಿಗೆ ಚಿಕಿತ್ಸೆ ಹುಡುಕುತ್ತಿದ್ದರು. ‘ನೀನು ಬದಲಾಗಬೇಕು’ ಎಂದು ಕಲಿಸಹೊರಟರೆ ರೋಗಿಗೆ ಅದು ಬೈಗುಳದಂತೆ ಕೇಳುತ್ತಿತ್ತು. ‘ನಿನ್ನ ನೋವು ಅರ್ಥವಾಗುತ್ತದೆ’ ಎಂದಷ್ಟೇ ಹೇಳಿದರೆ ಆಕೆ ಇದ್ದಲ್ಲೇ ಇರುತ್ತಿದ್ದಳು. ಎರಡನ್ನೂ ಒಂದೇ ಕೂತಲ್ಲಿ, ಒಂದನ್ನು ಇನ್ನೊಂದಕ್ಕೆ ಬಲಿ ಕೊಡದೆ ನಡೆಸುವುದೇ ಅವರು ಕಂಡುಕೊಂಡ ದಾರಿ. ಮೊದಲ ಪ್ರಯೋಗದ ಫಲಿತಾಂಶ 1991ರಲ್ಲಿ, ಪುಸ್ತಕ 1993ರಲ್ಲಿ ಬಂದವು. ಹರೆಯದಲ್ಲಿ ತಾವೂ ಹೀಗೇ ಮನೋರೋಗದ ಆಸ್ಪತ್ರೆಯಲ್ಲಿ ಇದ್ದುದನ್ನು 2011ರಲ್ಲಿ ಅವರು ಬಹಿರಂಗವಾಗಿ ಹೇಳಿದರು. ಚಿಕಿತ್ಸೆಯ ಸ್ವರೂಪ ಹೀಗೆ: ವಾರಕ್ಕೊಮ್ಮೆ ಒಬ್ಬರೇ ಚಿಕಿತ್ಸಕರೊಡನೆ ಕೂರುವುದು, ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲಗಳ ಪಾಠ, ನಡುವೆ ಕಷ್ಟದ ಗಳಿಗೆಯಲ್ಲಿ ಫೋನು, ಚಿಕಿತ್ಸಕರಿಗೇ ಬೇರೆಯಾಗಿ ಒಂದು ತಂಡದ ಸಭೆ. ಇದು ಸಾಮಾನ್ಯವಾಗಿ ಒಂದು ವರ್ಷ ನಡೆಯುತ್ತದೆ. ಕಲಿಸುವುದರಲ್ಲಿ ಝೆನ್ ಧ್ಯಾನದಿಂದ ಬಂದ ಎಚ್ಚರವೂ ಇದೆ, ಉದ್ವೇಗ ಏರಿದಾಗ ಮುಖವನ್ನು ಐಸ್ ನೀರಿಗೆ ಒಡ್ಡಿ ಎದೆಬಡಿತ ಇಳಿಸುವಂಥ ನೇರ ಉಪಾಯವೂ ಇದೆ.

ವ್ಯಸನಕ್ಕೆ ಇದನ್ನು ಹೊಂದಿಸಿದಾಗ ಹೊಸದಾಗಿ ಸೇರಿದ್ದು ಎಡವುವಿಕೆಯ ಲೆಕ್ಕ. ಅದೇ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್, ಬಿಟ್ಟವರು ಮತ್ತೆ ಹೇಗೆ ಬೀಳುತ್ತಾರೆಂದು ವಿಚಾರಿಸುತ್ತಾ ಒಂದು ಸಂಗತಿಯನ್ನು ಗುರುತಿಸಿದ್ದರು: ಮೊದಲ ಗುಟುಕಿಗಿಂತ, ಆ ಗುಟುಕಿನ ನಂತರದ ‘ಹೋಯಿತು, ಎಲ್ಲ ಹಾಳಾಯಿತು, ನಾನು ಇಷ್ಟೇ’ ಎಂಬ ನಾಚಿಕೆ ಮನುಷ್ಯನನ್ನು ಪೂರ್ತಿ ಕೆಡವುತ್ತದೆ. ಹಾಗಾಗಿ ಡಿಬಿಟಿ ರೋಗಿಯಿಂದ ಎರಡು ಮಾತು ಕೇಳುತ್ತದೆ. ಇನ್ನೆಂದೂ ಮುಟ್ಟುವುದಿಲ್ಲ ಎಂಬ ಪೂರ್ತಿ ಶಪಥ ಒಂದು. ಅದರಲ್ಲಿ ರಿಯಾಯಿತಿ ಇಲ್ಲ. ಮುಟ್ಟಿಬಿಟ್ಟರೆ ಮರುಗಳಿಗೆ ಏನು ಮಾಡಬೇಕು, ಯಾರಿಗೆ ಹೇಳಬೇಕು, ಎರಡನೆಯ ಗ್ಲಾಸಿಗೆ ಮೊದಲು ಎಲ್ಲಿಗೆ ಎದ್ದು ಹೋಗಬೇಕು ಎಂಬ ಯೋಜನೆ ಇನ್ನೊಂದು. ಜೊತೆಗೆ ಮನಸ್ಸಿನ ಮೂರು ಅವಸ್ಥೆಗಳನ್ನು ಗುರುತಿಸುವುದನ್ನು ಕಲಿಸುತ್ತಾರೆ: ಚಟದ ಕೈಯಲ್ಲಿರುವ ಮನಸ್ಸು, ಚಟ ಬಿಟ್ಟು ಶುಭ್ರವಾಗಿದ್ದೇನೆಂದು ಬೀಗುವ ಮನಸ್ಸು, ಬಿಟ್ಟಿದ್ದರೂ ಅಪಾಯವನ್ನು ಮರೆಯದ ಎಚ್ಚರದ ಮನಸ್ಸು. ಎರಡನೆಯದೇ ಮೋಸದ್ದು. ಮಾಲೆ ತೆಗೆದವನ ‘ನೋಡಿ, ಮನಸ್ಸು ಮಾಡಿದರೆ ಯಾವಾಗ ಬೇಕಾದರೂ ಬಿಡ್ತೀನಿ’ ಎಂಬ ಮಾತು ಹುಟ್ಟುವುದು ಅಲ್ಲಿಂದಲೇ. ವ್ರತದಲ್ಲಿ ಅವನನ್ನು ಕಾದದ್ದು ಅವನ ಮನಸ್ಸೊಂದೇ ಅಲ್ಲ. ಕಪ್ಪು ಬಟ್ಟೆ ಬಾರಿನ ಬಾಗಿಲನ್ನು ಮುಚ್ಚಿತ್ತು, ಜನ ‘ಸ್ವಾಮಿ’ ಎಂದು ಕರೆಯುತ್ತಿದ್ದರು, ಸಂಜೆಯ ಹೊತ್ತನ್ನು ಭಜನೆ ತುಂಬಿತ್ತು, ಗುರುಸ್ವಾಮಿಯ ಕಣ್ಣಿತ್ತು. ಮಾಲೆಯ ಜೊತೆಗೆ ಇವೆಲ್ಲ ಒಂದೇ ದಿನ ಕಳಚಿ ಬೀಳುತ್ತವೆ. ಉಳಿಯುವುದು ಗೆದ್ದೆನೆಂಬ ಹೆಮ್ಮೆ ಮಾತ್ರ.

ಎಡವಿದರೆ ಏನು ಮಾಡಬೇಕೆಂದು ಮೊದಲೇ ಹೇಳಿಕೊಡುವುದು ಎಡವಲು ಪರವಾನಗಿ ಕೊಟ್ಟಂತಲ್ಲವೇ? ಈ ಆಕ್ಷೇಪ ಮನೆಯವರದೂ ಹೌದು, ಹಲವು ಡಿ-ಅಡಿಕ್ಷನ್ ಸೆಂಟರ್‌ಗಳದೂ ಹೌದು. ಇದರಲ್ಲಿ ಹುರುಳಿಲ್ಲದಿಲ್ಲ, ಚಟದ ಮನಸ್ಸು ಎಲ್ಲಿ ಸಂದು ಸಿಕ್ಕರೂ ನುಗ್ಗುವಂಥದು. ಆದರೆ ಕೆಂಪಾಂಬುಧಿಯಂಥ ಕೆರೆ ಕಟ್ಟಿಸಿದವರು ಏರಿಯ ಜೊತೆಗೆ ಕೋಡಿಯನ್ನೂ ಇಟ್ಟರು. ಏರಿ ಒಡೆಯಲಿ ಎಂದಲ್ಲ, ಒಂದು ದೊಡ್ಡ ಮಳೆಗೆ ಇಡೀ ಏರಿ ಕೊಚ್ಚಿ ಹೋಗಬಾರದೆಂದು. ಶಪಥದ ಬಿಗಿಯನ್ನು ಡಿಬಿಟಿ ಸಡಿಲಿಸುವುದಿಲ್ಲವೆಂಬುದೂ ನೆನಪಿರಲಿ. ಎಡವಿದವನಿಗೆ ‘ಪರವಾಗಿಲ್ಲ ಬಿಡು’ ಎಂಬ ಸಮಾಧಾನ ಅಲ್ಲಿ ಸಿಗುವುದಿಲ್ಲ. ಸಿಗುವುದು ಬೆಳಗಿನಿಂದ ಏನೇನಾಯಿತೆಂಬ ಬೇಸರ ಬರಿಸುವಷ್ಟು ಸೂಕ್ಷ್ಮ ವಿಚಾರಣೆ. ಚಾಮರಾಜಪೇಟೆಯ ಪ್ರಿಂಟಿಂಗ್ ಪ್ರೆಸ್ಸೊಂದರ ಕೆಲಸಗಾರ ಶನಿವಾರ ಕುಡಿದ ಎಂದಿಟ್ಟುಕೊಳ್ಳಿ. ಕಾರಣ ಕೇಳಿದರೆ ‘ಟೆನ್ಷನ್’ ಎನ್ನುತ್ತಾನೆ. ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋದರೆ ಹಿಂದಿನ ರಾತ್ರಿಯ ನಿದ್ದೆಗೇಡು, ತಪ್ಪಿದ ಮಧ್ಯಾಹ್ನದ ಊಟ, ತಡವಾದ ಬಟವಾಡೆ, ಭಾವಮೈದುನನ ಒಂದು ಚುಚ್ಚುಮಾತು, ಮನೆಗೆ ಹೋಗಲು ಹಿಡಿದ ಬಾರಿನ ರಸ್ತೆ ಒಂದೊಂದಾಗಿ ಹೊರಬರುತ್ತವೆ. ಭಾವಮೈದುನನನ್ನು ತಿದ್ದಲಾಗದು. ಊಟ ಮಾಡಬಹುದು, ರಸ್ತೆ ಬದಲಿಸಬಹುದು, ಶನಿವಾರದ ದುಡ್ಡು ನೇರ ಹೆಂಡತಿಯ ಖಾತೆಗೆ ಹೋಗುವಂತೆ ಮಾಡಬಹುದು.

ಪುರಾವೆ ಏನು ಹೇಳುತ್ತದೆ? ಇಲ್ಲಿ ಉತ್ಸಾಹಿಗಳು ಹೇಳುವುದಕ್ಕಿಂತ ಕಡಿಮೆಯೇ. ಲಿನೆಹನ್ ತಂಡ 28 ಹೆಂಗಸರ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಡಿಬಿಟಿ ಪಡೆದವರ ಮಾದಕ ಸೇವನೆ ಹೆಚ್ಚು ಇಳಿಯಿತು, ಚಿಕಿತ್ಸೆಯಲ್ಲಿ ಉಳಿದವರೂ ಹೆಚ್ಚು. ಹೆರಾಯಿನ್ ಚಟದ 23 ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಎದುರು ಗುಂಪಿಗೆ ಸಹಾನುಭೂತಿಯ ಆಲಿಸುವಿಕೆ ಮತ್ತು ಚಟ ಬಿಟ್ಟವರ ಸಂಘಗಳ ಹನ್ನೆರಡು ಹೆಜ್ಜೆಗಳ ಕಾರ್ಯಕ್ರಮ ಸಿಕ್ಕಿತು. ಎರಡೂ ಗುಂಪುಗಳಲ್ಲಿ ಸೇವನೆ ಇಳಿಯಿತು. ಡಿಬಿಟಿ ಗುಂಪಿನಲ್ಲಿ ಆ ಇಳಿತ ವರ್ಷದ ಕೊನೆಯವರೆಗೆ ನಿಂತರೆ, ಇನ್ನೊಂದರಲ್ಲಿ ಕೊನೆಯ ನಾಲ್ಕು ತಿಂಗಳು ಮತ್ತೆ ಏರಿತು. ಆದರೆ ಆ ಇನ್ನೊಂದು ಗುಂಪಿನಲ್ಲಿ ಒಬ್ಬರೂ ಚಿಕಿತ್ಸೆ ಬಿಡಲಿಲ್ಲ, ಡಿಬಿಟಿಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಬಿಟ್ಟರು. ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ ವ್ಯಸನಕ್ಕೆ ಹೊಂದಿಸದ ಸಾಮಾನ್ಯ ಡಿಬಿಟಿ, ತನ್ನನ್ನೇ ಗಾಯ ಮಾಡಿಕೊಳ್ಳುವುದನ್ನು ಇಳಿಸಿತೇ ಹೊರತು ಮಾದಕ ಸೇವನೆಯನ್ನಲ್ಲ. ಎಲ್ಲ ಸಣ್ಣ ಗುಂಪುಗಳು. ಅಲ್ಲಿದ್ದವರು ತೀವ್ರ ಭಾವದ ಏರಿಳಿತದ ಹೆಂಗಸರು. ನಮ್ಮಲ್ಲಿ ಕುಡಿತದ ಚಿಕಿತ್ಸೆಗೆ ಬರುವವರು ಬಹುಪಾಲು ಗಂಡಸರು. ಹೀಗಿರುವಾಗ ಕುಡಿಯುವವರಿಗೆಲ್ಲ ಡಿಬಿಟಿಯೇ ಮದ್ದು ಎಂದು ಸಾರುವುದು ಅನ್ಯಾಯ. ಕುಡಿತದ ಜೊತೆಗೆ ಕೈ ಕೊಯ್ದುಕೊಳ್ಳುವುದು, ಆತ್ಮಹತ್ಯೆಯ ಯತ್ನ, ಗಳಿಗೆಗೊಂದು ಮನಸ್ಥಿತಿ ಇರುವವರಿಗೆ, ಗಂಡಾಗಲಿ ಹೆಣ್ಣಾಗಲಿ, ಇದನ್ನು ಮೊದಲು ಯೋಚಿಸಬೇಕು ಎನ್ನುವಷ್ಟಕ್ಕೆ ಈ ಪುರಾವೆ ಸಾಕು.

ದುಬಾರಿ ಎಂಬ ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಒಬ್ಬ ರೋಗಿಗೆ ವರ್ಷವಿಡೀ ವಾರಕ್ಕೆರಡು ಬೈಠಕ್ ಎಲ್ಲಿಂದ ತರುವುದು? ಗೋವಾದಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನ ನಾಲ್ಕು ಬೈಠಕ್ ಮೀರದಂತೆ ಆಪ್ತ ಸಲಹೆ ಕೊಟ್ಟಾಗ ಮೂರು ತಿಂಗಳಲ್ಲಿ ಶೇ 36 ಗಂಡಸರ ಕುಡಿತ ಹತೋಟಿಗೆ ಬಂದಿತ್ತು, ಸಲಹೆ ಸಿಗದವರಲ್ಲಿ ಅದು ಶೇ 26. ಅವರು ಹಾನಿಯಾಗುವಷ್ಟು ಕುಡಿಯುತ್ತಿದ್ದವರೇ ಹೊರತು ಪೂರ್ತಿ ಅಂಟಿಕೊಂಡವರಲ್ಲ, ಆದರೂ ಮೊದಲ ಮೆಟ್ಟಿಲಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಡಿಬಿಟಿಯನ್ನು ಇಡಿಯಾಗಿ ಕೊಡುವುದು ಮೇಲಿನ ಮೆಟ್ಟಿಲಿನ ಕೆಲವರಿಗೆ. ಬಿಡಿ ಕೌಶಲಗಳನ್ನು ಮಾತ್ರ ಎಲ್ಲಿ ಬೇಕಾದರೂ ಕಲಿಸಬಹುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಎಂಟು ದಿನಕ್ಕೆ ಮುಗಿದರೂ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುತ್ತವೆ. ಶಿಬಿರದ ನಂತರದ ದಿನಗಳೇ ಕಷ್ಟವೆಂಬ ಅರಿವು ಅಲ್ಲಿ ಆಗಲೇ ಇದೆ. ಅಂಥ ಸಭೆಯಲ್ಲಿ ಪ್ರಮಾಣದ ಜೊತೆ ಕೊಂಡಿಗಳ ವಿಚಾರಣೆಯೂ ಸೇರಿದರೆ ಖರ್ಚು ಹೆಚ್ಚುವುದಿಲ್ಲ. ಅಯ್ಯಪ್ಪನ ಭಜನಾ ಮಂಡಳಿಗಳು ಮಕರ ಸಂಕ್ರಾಂತಿಯ ನಂತರವೂ ವಾರಕ್ಕೊಂದು ಸಂಜೆ ಸೇರಿದರೆ ತಪ್ಪೇನು?

ಮನೆಯವರು ಇಂದೇ ಮಾಡಬಹುದಾದದ್ದೂ ಇದೆ. ಎಡವಿ ಬಂದವನನ್ನು ಅಂದು ರಾತ್ರಿ ಏನೂ ಕೇಳಬಾರದು. ಅಮಲಿನಲ್ಲಿ ಉತ್ತರವೂ ಇಲ್ಲ, ಕಲಿಕೆಯೂ ಇಲ್ಲ. ಮರುದಿನ ಕಾಫಿಯಾದ ಮೇಲೆ ‘ಯಾಕೆ ಕುಡಿದೆ’ ಎನ್ನುವ ಬದಲು ‘ನಿನ್ನೆ ಬೆಳಿಗ್ಗೆಯಿಂದ ಏನೇನಾಯಿತು’ ಎಂದು ಕೇಳಬೇಕು. ಅವನೇ ಹೇಳಿದ ಕೊಂಡಿಗಳಲ್ಲಿ ಮುರಿಯಬಹುದಾದ ಒಂದನ್ನು ಅವನಿಂದಲೇ ಆರಿಸಿ ಬರೆಸಬೇಕು. ಸಾಯುವ ಮಾತು ಬಂದರೆ ಮಾತ್ರ ಮರುದಿನಕ್ಕೆ ಕಾಯುವಂತಿಲ್ಲ: ಅವನನ್ನು ಒಬ್ಬನೇ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446.