ಸರ್ವರಿನ ಪಕ್ಕದಲ್ಲೇ ಇಟ್ಟ ಪ್ರತಿ

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕಪತ್ರ, ಜಿಎಸ್‌ಟಿ, ಸಂಬಳದ ವಿವರಗಳೆಲ್ಲ ಒಂದೇ ಸರ್ವರಿನಲ್ಲಿರುವುದು ಅಪರೂಪವೇನಲ್ಲ. ಬ್ಯಾಕಪ್ ಎಲ್ಲಿ ಎಂದರೆ ಅದಕ್ಕೇ ಸಿಕ್ಕಿಸಿದ ಹಾರ್ಡ್‌ಡಿಸ್ಕನ್ನು ತೋರಿಸುತ್ತಾರೆ. ಬೆಂಕಿ ಬಿದ್ದರೆ ಎರಡೂ ಒಂದೇ ತುತ್ತು; ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೂ ಅಷ್ಟೆ. 2022ರ ನವೆಂಬರ್‌ನಲ್ಲಿ ಇಂಥ ದಾಳಿಗೆ ತುತ್ತಾದ ದೆಹಲಿಯ ಏಮ್ಸ್ ಆಸ್ಪತ್ರೆ ಸುಮಾರು ಎರಡು ವಾರ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತು. ನಮ್ಮ ಕಾರ್ಖಾನೆಯ ಗುಮಾಸ್ತನ ಬಳಿ ಖಾತೆಪುಸ್ತಕವಾದರೂ ಉಳಿದಿದೆಯೇ?

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆಡೆ ಎಂಬ ಸೂತ್ರ ಹಳೆಯದು. ಒಂದು ಪ್ರತಿಯಾದರೂ ಜಾಲದಿಂದ ಕಳಚಿಟ್ಟದ್ದಾಗಿರಬೇಕು. ಎಷ್ಟು ಗಂಟೆಗಳ ದತ್ತಾಂಶ ಹೋದರೆ ತಡೆದುಕೊಳ್ಳಬಹುದು, ಎಷ್ಟು ಹೊತ್ತಿನೊಳಗೆ ಕೆಲಸ ಮರಳಿ ಆರಂಭವಾಗಬೇಕು ಎಂಬುದು ಮಾಲೀಕನ ತೀರ್ಮಾನ, ಕಂಪ್ಯೂಟರ್ ಹುಡುಗನದಲ್ಲ. ಮೂರು ತಿಂಗಳಿಗೊಮ್ಮೆಯಾದರೂ ಆ ಪ್ರತಿಯನ್ನು ಬೇರೊಂದು ಯಂತ್ರಕ್ಕೆ ಹಾಕಿ, ಕಳೆದ ತಿಂಗಳ ಸಂಬಳದ ಪಟ್ಟಿ ತೆರೆಯುತ್ತದೆಯೇ ಎಂದು ಅವನೇ ಕುಳಿತು ನೋಡಲಿ.