ಆಂಡ್ರಿಯಾ: ಹೆಣ್ಣಿನ ಹೆಸರೇ, ಗಂಡಿನ ಹೆಸರೇ?

'ಆಂಡ್ರಿಯಾ' ಎಂದೊಡನೆ ನಮ್ಮಲ್ಲಿ ಹಲವರಿಗೆ ತಮಿಳು ಚಿತ್ರನಟಿ ಆಂಡ್ರಿಯಾ ಜೆರೆಮಿಯಾ ನೆನಪಾಗಬಹುದು. ಇದು ಹೆಣ್ಣುಮಕ್ಕಳ ಹೆಸರು ಎಂದೇ ನಾವು ಅಂದುಕೊಳ್ಳುತ್ತೇವೆ. ಆದರೆ ಇಟಲಿಯಲ್ಲಿ ಈ ಹೆಸರು ಕೇಳಿದವರು ಮೊದಲು ಊಹಿಸುವುದು ಗಂಡಸನ್ನು. ಗಾಯಕ ಆಂಡ್ರಿಯಾ ಬೊಚೆಲ್ಲಿ, 2006ರ ಫುಟ್‌ಬಾಲ್ ವಿಶ್ವಕಪ್ ಗೆದ್ದ ತಂಡದ ಆಂಡ್ರಿಯಾ ಪಿರ್ಲೊ, 16ನೇ ಶತಮಾನದ ವಾಸ್ತುಶಿಲ್ಪಿ ಆಂಡ್ರಿಯಾ ಪಲ್ಲಾಡಿಯೊ ಎಲ್ಲರೂ ಗಂಡಸರೇ. ಹಾಗಾದರೆ ಈ ಗೊಂದಲ ಎಲ್ಲಿಂದ ಬಂತು?

ಹೆಸರಿನ ಅರ್ಥವೇನು?

ಇದರ ಮೂಲ ಗ್ರೀಕ್ ಭಾಷೆಯ 'ಆಂಡ್ರಿಯಾಸ್'. ಗ್ರೀಕ್‌ನಲ್ಲಿ 'ಅನೇರ್' ಎಂದರೆ ಗಂಡಸು, 'ಆಂಡ್ರೋಸ್' ಎಂದರೆ ಗಂಡಸಿನ. ಗಂಡಸರ ದೇಹದ ಬೆಳವಣಿಗೆಗೆ ಬೇಕಾದ ಆಂಡ್ರೊಜೆನ್ ಹಾರ್ಮೋನುಗಳ ಹೆಸರೂ ಇದೇ ಬೇರಿನಿಂದ ಬಂದಿದೆ. ಧೈರ್ಯ ಎಂಬ ಅರ್ಥದ ಗ್ರೀಕ್ ಪದವೂ ಇದರಿಂದಲೇ ಹುಟ್ಟಿದ್ದು. ಹಾಗಾಗಿ ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಆಂಡ್ರಿಯಾ ಎಂದರೆ 'ಧೈರ್ಯಶಾಲಿ' ಎಂದಿದ್ದರೆ ಅದು ಪೂರ್ತಿ ತಪ್ಪಲ್ಲ.

ಇನ್ನೊಂದು ಕುತೂಹಲದ ಸಂಗತಿ ಇದೆ. ಭಾಷಾವಿಜ್ಞಾನದ ಪ್ರಕಾರ ಗ್ರೀಕ್‌ನ 'ಅನೇರ್' ಮತ್ತು ಸಂಸ್ಕೃತದ 'ನರ' ಒಂದೇ ಇಂಡೋ-ಯುರೋಪಿಯನ್ ಬೇರಿನವು. ಅಂದರೆ ನರೇಂದ್ರ, ನರಸಿಂಹ ಎಂಬ ಹೆಸರುಗಳಿಗೆ ಆಂಡ್ರಿಯಾ ದೂರದ ನೆಂಟ! ಆದರೆ ನರ-ನಾಡಿ ಎನ್ನುವಾಗಿನ ನಮ್ಮ ಕನ್ನಡದ 'ನರ' ಬೇರೆಯೇ ಪದ. ಅದು ತಮಿಳಿನ 'ನರಂಬು' ಪದದ ಬಳಗಕ್ಕೆ ಸೇರಿದ್ದು.

ಈ ಹೆಸರು ಯುರೋಪಿನಲ್ಲಿ ಹರಡಲು ಮುಖ್ಯ ಕಾರಣ ಯೇಸುವಿನ ಶಿಷ್ಯ, ಸಂತ ಪೇತ್ರನ ಸಹೋದರನಾದ ಆಂಡ್ರಿಯಾಸ್. ಇಂಗ್ಲಿಷಿನಲ್ಲಿ ಆಂಡ್ರ್ಯೂ, ಫ್ರೆಂಚಿನಲ್ಲಿ ಆಂದ್ರೆ ಆದದ್ದು ಇದೇ ಹೆಸರು.

'ಆ'ಕಾರ ಹೆಣ್ಣಿನ ಗುರುತಲ್ಲವೇ?

ಇಟಾಲಿಯನ್‌ನಲ್ಲಿ ಸಾಮಾನ್ಯವಾಗಿ ಗಂಡು ಹೆಸರು 'ಓ'ಕಾರದಲ್ಲಿ, ಹೆಣ್ಣು ಹೆಸರು 'ಆ'ಕಾರದಲ್ಲಿ ಮುಗಿಯುತ್ತವೆ: ಮಾರಿಯೊ ಗಂಡು, ಮಾರಿಯಾ ಹೆಣ್ಣು. ಆದರೆ ಆಂಡ್ರಿಯಾಸ್ ಇಟಾಲಿಯನ್‌ಗೆ ಬಂದಾಗ ಕೊನೆಯ 'ಸ್' ಬಿದ್ದುಹೋಗಿ, 'ಆ' ಉಳಿಯಿತು. ಲೂಕಾ, ಮತ್ತಿಯಾ ಎಂಬ ಗಂಡು ಹೆಸರುಗಳ ಕತೆಯೂ ಇದೇ. ಇಂಗ್ಲಿಷ್, ಸ್ಪ್ಯಾನಿಷ್, ಜರ್ಮನ್ ಭಾಷೆಗಳಲ್ಲಿ ಗಂಡಿಗೆ ಬೇರೆ ರೂಪಗಳಿದ್ದವು. ಹಾಗಾಗಿ ಅಲ್ಲಿ ಆಂಡ್ರಿಯಾ ಹೆಣ್ಣುಮಕ್ಕಳ ಹೆಸರಾಯಿತು.

ಕೋರ್ಟ್ ಮೆಟ್ಟಿಲೇರಿದ ಹೆಸರು

ಮಗುವಿಗೆ ಇಡುವ ಹೆಸರು ಅದರ ಲಿಂಗಕ್ಕೆ ಹೊಂದಬೇಕು ಎಂದು ಇಟಲಿಯ 2000ನೇ ಇಸವಿಯ ನಾಗರಿಕ ನೋಂದಣಿ ನಿಯಮ ಹೇಳುತ್ತದೆ. ಹಾಗಾಗಿ ಮಗಳಿಗೆ ಆಂಡ್ರಿಯಾ ಎಂದು ಹೆಸರಿಟ್ಟ ತಂದೆತಾಯಿ ಕೋರ್ಟಿಗೆ ಅಲೆಯಬೇಕಾಯಿತು. ಕೆಳಗಿನ ನ್ಯಾಯಾಲಯಗಳು ಒಪ್ಪಲಿಲ್ಲ. 2012ರ ನವೆಂಬರ್‌ನಲ್ಲಿ ಇಟಲಿಯ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವು ತಂದೆತಾಯಿಯ ಪರವಾಗಿ ತೀರ್ಪು ಕೊಟ್ಟಿತು. ಬೇರೆ ಬೇರೆ ದೇಶಗಳಲ್ಲಿ ಈ ಹೆಸರು ಹೆಣ್ಣುಮಕ್ಕಳಿಗೂ ಇರುವಾಗ ಇದನ್ನು ಗಂಡಿಗಷ್ಟೇ ಮೀಸಲು ಎನ್ನಲಾಗದು, ಇದರಿಂದ ಮಗುವಿಗೆ ಅವಮಾನವೂ ಇಲ್ಲ ಎಂಬುದು ತೀರ್ಪಿನ ತಿರುಳು.

ಕೊನೆಯದಾಗಿ

ಆಂಡ್ರಿಯಾ ಹುಟ್ಟಿನಲ್ಲಿ ಗಂಡಿನ ಹೆಸರು, ಇಟಲಿಯಲ್ಲಿ ಇಂದಿಗೂ ಹೆಚ್ಚಾಗಿ ಹಾಗೆಯೇ ಬಳಕೆಯಲ್ಲಿದೆ. ಆದರೆ ಹೆಸರು ಯಾರದ್ದು ಎಂಬುದನ್ನು ಪದದ ಮೂಲವೊಂದೇ ತೀರ್ಮಾನಿಸುವುದಿಲ್ಲ, ಇಟ್ಟುಕೊಂಡವರೂ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಶಶಿ, ಕಿರಣ್ ಎಂಬ ಹೆಸರುಗಳು ಇಬ್ಬರಿಗೂ ಸಲ್ಲುವುದಿಲ್ಲವೇ? ಮುಂದೆ ಇಟಲಿಯ ಆಂಡ್ರಿಯಾ ಎಂಬವರಿಗೆ ಇಮೇಲ್ ಬರೆಯುವಾಗ, 'ಮೇಡಂ' ಎಂದು ಶುರು ಮಾಡುವ ಮೊದಲು ಒಮ್ಮೆ ವಿಚಾರಿಸಿಕೊಳ್ಳಿ.